ತೆರಿಗೆ ಕಾನೂನು ಏಕೆ ಇಷ್ಟು ಗೋಜಲು? ಸುಧಾರಣೆಯ ಭರವಸೆ ಇದೆಯೇ?

1961ರ ಕಾಯ್ದೆಯ ಬದಲಿಗೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಹೊಸ ಆದಾಯ ತೆರಿಗೆ ಕಾಯ್ದೆಯಿಂದಲಾದರೂ ಈ ಗೋಜಲು ಬಗೆಹರಿಯುವುದೇ ಎಂದು ಕೇಳಿದ್ದೀರಿ. ಶಿರಸಿಯಲ್ಲಿ ಸಣ್ಣ ವ್ಯಾಪಾರಿಗಳ, ಅಡಿಕೆ ಬೆಳೆಗಾರರ ರಿಟರ್ನ್ ಸಿದ್ಧಪಡಿಸುವ ನನಗೆ ಕಾಣುವಂತೆ, ಕಾಯ್ದೆಯ ಭಾಷೆ ತಿಳಿಯಾಗಿದೆ, ಲೆಕ್ಕ ತಿಳಿಯಾಗಿಲ್ಲ.

ಪೇಟೆಯಲ್ಲಿ ಅಂಗಡಿ, ಊರಿನಲ್ಲಿ ತೋಟ ಎರಡೂ ಇರುವವರು ನಮ್ಮಲ್ಲಿ ಬಹಳ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, 12 ಲಕ್ಷದವರೆಗಿನ ಇತರ ಆದಾಯಕ್ಕೂ ಹೊಸ ಪದ್ಧತಿಯಲ್ಲಿ ತೆರಿಗೆಯಿಲ್ಲ ಎಂದು ಅವರು ನಂಬಿರುತ್ತಾರೆ. ಆದರೆ ಇತರ ಆದಾಯದ ಮೇಲಿನ ದರವನ್ನು ನಿರ್ಧರಿಸಲು ಕೃಷಿ ಆದಾಯವನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಅಂಗಡಿಯ ಲಾಭ 10 ಲಕ್ಷ, ತೋಟದ ನಿವ್ವಳ ಆದಾಯ 10 ಲಕ್ಷ ಎಂದಿಟ್ಟುಕೊಳ್ಳಿ. 2025–26ರ ದರಗಳಲ್ಲಿ ಎರಡೂ ಸೇರಿದ 20 ಲಕ್ಷಕ್ಕೆ 2 ಲಕ್ಷ ತೆರಿಗೆ ಬರುತ್ತದೆ. ತೋಟದ ಆದಾಯಕ್ಕೆ ಮೂಲ ವಿನಾಯಿತಿಯ 4 ಲಕ್ಷ ಸೇರಿಸಿದ 14 ಲಕ್ಷಕ್ಕೆ 90 ಸಾವಿರ. ಇವುಗಳ ವ್ಯತ್ಯಾಸವಾದ 1.10 ಲಕ್ಷವೇ ಅಂಗಡಿಯ ಆದಾಯದ ಮೇಲಿನ ತೆರಿಗೆ. 12 ಲಕ್ಷದವರೆಗಿನ ಆದಾಯದವರಿಗೆ ತೆರಿಗೆಯಲ್ಲಿ ಸಿಗುವ ರಿಯಾಯಿತಿ, ಅಂದರೆ ರಿಬೇಟ್, 60 ಸಾವಿರಕ್ಕಿಂತ ಹೆಚ್ಚು ಸಿಗದ ಕಾರಣ, ಉಳಿದ 50 ಸಾವಿರಕ್ಕೆ ಸೆಸ್ ಸೇರಿ 52 ಸಾವಿರ ಕಟ್ಟಲೇಬೇಕು. ಹೆಚ್ಚು ಆದಾಯವುಳ್ಳವರು ಹೆಚ್ಚು ದರ ಕೊಡಲಿ ಎಂಬ ತತ್ತ್ವವನ್ನು ನಾನು ಒಪ್ಪುತ್ತೇನೆ. ಆದರೆ ತೆರಿಗೆ ಇಲ್ಲವೆಂದು ಸಾರಿದ ದೊಡ್ಡ ಘೋಷಣೆಯೊಳಗೆ ಈ ಲೆಕ್ಕವನ್ನು ಅಡಗಿಸಿಟ್ಟಿರುವುದು ಅನ್ಯಾಯ. ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಸಂಬಳದಾರರು ಬಳಸುವ ಸರಳವಾದ ಐಟಿಆರ್–1 ರಿಟರ್ನ್ ನಮೂನೆಯೂ ಸಲ್ಲುವುದಿಲ್ಲ. ಇಂದು ಕಾಲು ಕ್ವಿಂಟಲ್ ಚಾಲಿ (ಒಣಗಿಸಿ ಸುಲಿದ ಅಡಿಕೆ) ಬೆಲೆಯೇ ಅದಕ್ಕಿಂತ ಹೆಚ್ಚು.

ಜಿಎಸ್‌ಟಿಯಲ್ಲಿ ಮಾತ್ರ ನಿಜವಾದ ಸುಧಾರಣೆ ಕಂಡಿದ್ದೇನೆ. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಸರಕುಗಳು ಶೇ 5 ಮತ್ತು ಶೇ 18ರ ದರಗಳಿಗೆ ಬಂದದ್ದರಿಂದ, ಯಾವ ವಸ್ತು ಯಾವ ದರಕ್ಕೆ ಎಂಬ ಜಗಳ ಅಂಗಡಿಗಳಲ್ಲಿ ಕಡಿಮೆಯಾಗಿದೆ. ಆದಾಯ ತೆರಿಗೆಯಲ್ಲಿಯೂ ಆಗಬೇಕಾದದ್ದು ಇಂಥದೇ ಕೆಲಸ, ಅಂದರೆ ಕಲಂಗಳ ಸಂಖ್ಯೆಗಿಂತ ಮೊದಲು ವಿನಾಯಿತಿ ಮತ್ತು ಮಿತಿಗಳ ಸಂಖ್ಯೆ ಇಳಿಯಬೇಕು. ಆ 5,000ದ ಮಿತಿಯನ್ನು ಇಂದಿನ ಬೆಲೆಗೆ ತಕ್ಕಂತೆ ಏರಿಸಲು ದೊಡ್ಡ ಧೈರ್ಯವೇನೂ ಬೇಕಾಗಿಲ್ಲ. ಕೃಷಿ ಆದಾಯದ ವಿಚಾರವನ್ನು ಮುಟ್ಟಲು ಎಲ್ಲ ಪಕ್ಷಗಳೂ ಹೆದರುವುದರಿಂದ ಉಳಿದದ್ದು ಸದ್ಯಕ್ಕೆ ಬದಲಾಗದೆಂದೇ ನನ್ನ ಅಂದಾಜು.

ನಿಮಗೂ ತೋಟವಿದ್ದರೆ ಈ ಲೆಕ್ಕವನ್ನು ಜೂನ್ 15ಕ್ಕೆ ಮೊದಲೇ ಮಾಡಿಕೊಳ್ಳಿ. ವರ್ಷದ ತೆರಿಗೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾದರೆ ವಹಿವಾಟಿನ ಮೇಲೆ ಅಂದಾಜು ಲಾಭ ತೋರಿಸುವ ಯೋಜನೆಯನ್ನು ಆಯ್ದುಕೊಳ್ಳದ ವ್ಯಾಪಾರಸ್ಥರು ಮುಂಗಡ ತೆರಿಗೆಯ ಮೊದಲ ಕಂತನ್ನು ಜೂನ್ 15ರೊಳಗೆ ಕಟ್ಟಬೇಕು, ತಪ್ಪಿದರೆ ಬಡ್ಡಿ ಬೀಳುತ್ತದೆ.