ಹೋಂವರ್ಕ್ ಮುಗಿದಿತ್ತು, ಮಾಡಿದ್ದು ಹುಡುಗನಲ್ಲ

ಹೆಸರು ಬದಲಿಸಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ತೆಗೆದಿದ್ದೇನೆ. ನನ್ನ ಬಳಿ ಸಲಹೆಗೆ ಬಂದ ತಾಯಿ, ಮಗ ಇಬ್ಬರೂ ಒಪ್ಪಿದ ಮೇಲೆ ಬರೆದ ಪ್ರಕರಣ ಇದು.

ಚೇತನ್‌ಗೆ 12 ವರ್ಷ. ಮಂಡ್ಯದ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಏಳನೇ ತರಗತಿ. ಐದರವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿ, ಆರನೇ ತರಗತಿಗೆ ಇಲ್ಲಿಗೆ ಸೇರಿದವನು. ಅಪ್ಪ ಬೆಳಿಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ಮನೆ ಸೇರುವಾಗ ರಾತ್ರಿ ಒಂಬತ್ತು. ಮನೆಯಲ್ಲಿ ಅಮ್ಮ, ತಾತ, ಒಬ್ಬ ಪುಟ್ಟ ತಂಗಿ.

ಅವನ ಹೋಂವರ್ಕ್ ಒಂದು ದಿನವೂ ಬಾಕಿ ಇರುತ್ತಿರಲಿಲ್ಲ. ಪುಟ ಪುಟಕ್ಕೂ 'ಗುಡ್', 'ನೀಟ್' ಎಂದು ಟೀಚರ್ ಬರೆದಿದ್ದರು. ಆದರೆ ಶಾಲೆಯಲ್ಲಿ ಟೆಸ್ಟ್ ಕೊಟ್ಟರೆ 25ಕ್ಕೆ ಐದೋ ಆರೋ. ತಾಯಿಗೆ ಇದು ಅರ್ಥವೇ ಆಗಿರಲಿಲ್ಲ. "ಮೇಡಂ, ಮನೇಲಿ ಇವನಿಗೆ ಎಲ್ಲಾ ಬರುತ್ತೆ. ಅಲ್ಲಿಗೆ ಹೋದ್ರೆ ಏನಾಗುತ್ತೋ. ಹೆದರ್ಕೋತಾನೆ ಅನ್ಸುತ್ತೆ. ಪರೀಕ್ಷೆ ಭಯ ಹೋಗೋ ಹಾಗೆ ಏನಾದ್ರೂ ಹೇಳಿ" ಎಂದು ಬಂದಿದ್ದರು.

ಇಂಥ ಮಾತು ಬಂದಾಗ ನಾನು ಎರಡು ವಸ್ತು ಕೇಳುತ್ತೇನೆ. ಒಂದು, ಮಗುವಿನ ನೋಟ್ ಪುಸ್ತಕಗಳು. ಇನ್ನೊಂದು, ಶಾಲೆ ಬಿಟ್ಟ ಹೊತ್ತಿನಿಂದ ಮಲಗುವವರೆಗೆ ಏನೇನು ನಡೆಯಿತು ಅಂತ ಒಂದು ವಾರ ಬರೆದಿಟ್ಟ ಹಾಳೆ. ಭಯದ ವಿಚಾರ ಆಮೇಲೆ.

ಹಾಳೆಯಲ್ಲಿ ಇದ್ದದ್ದು ಹೀಗೆ. ನಾಲ್ಕೂಮುಕ್ಕಾಲಿಗೆ ಮನೆ, ಐದೂವರೆಗೆ ಟ್ಯೂಷನ್, ಏಳಕ್ಕೆ ವಾಪಸ್. ಏಳೂವರೆಗೆ ಹೋಂವರ್ಕ್‌ಗೆ ಕೂತರೆ ಏಳುವಾಗ ಹತ್ತೂವರೆ. ನಡುವೆ ಅರ್ಧ ಗಂಟೆ ಊಟ. ಟ್ಯೂಷನ್‌ನವರೂ ಬೇರೆ ಹೋಂವರ್ಕ್ ಕೊಡುತ್ತಿದ್ದರು. ಆಟ ಅನ್ನುವುದು ಭಾನುವಾರದ ಸಾಲಿನಲ್ಲಿ ಮಾತ್ರ ಇತ್ತು. ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಹೋಂವರ್ಕ್‌ಗೂ ಮಿತಿ ಹೇಳಿದ್ದಾರೆ. ಎರಡನೇ ತರಗತಿವರೆಗೆ ಹೋಂವರ್ಕ್ ಇಲ್ಲ. ಮೂರರಿಂದ ಐದಕ್ಕೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ಆರರಿಂದ ಎಂಟಕ್ಕೆ ದಿನಕ್ಕೆ 1 ಗಂಟೆ. ಅದರ ಮೇಲಿನವರಿಗೆ ದಿನಕ್ಕೆ 2 ಗಂಟೆ. ಚೇತನ್ ಟ್ಯೂಷನ್ ಮುಗಿಸಿ ಬಂದ ಮೇಲೂ ಎರಡೂವರೆ ಗಂಟೆ ಕೂರುತ್ತಿದ್ದ.

ನೋಟ್ ಪುಸ್ತಕ ನೋಡಿದಾಗ ಇನ್ನೂ ಜಾಸ್ತಿ ಗೊತ್ತಾಯಿತು. ವಿಜ್ಞಾನದ ಉತ್ತರಗಳು ಗೈಡಿನಲ್ಲಿ ಇದ್ದ ಹಾಗೇ ಇದ್ದವು, ಒಂದು ಪದವೂ ಆಚೀಚೆ ಆಗಿರಲಿಲ್ಲ. ಗಣಿತದಲ್ಲಿ ಹೊಡೆದುಹಾಕಿದ ಒಂದು ಸಾಲೂ ಇಲ್ಲ. ಭಿನ್ನರಾಶಿ, ದಶಮಾಂಶ ಕಲಿಯುವ ಮಗುವಿನ ಪುಸ್ತಕದಲ್ಲಿ ತಪ್ಪೇ ಇಲ್ಲದಿರುವುದು ಸಾಧ್ಯವಿಲ್ಲ. ತಪ್ಪುಗಳು ಎಲ್ಲಿ ಹೋದವು? ಪುಸ್ತಕದ ನಡುವೆ ಹೊಲಿಗೆಯ ಹತ್ತಿರ ನೋಡಿದೆ. ಹರಿದ ಪುಟಗಳ ಅಂಚು ಹಾಗೇ ಉಳಿದುಕೊಂಡಿತ್ತು.

ತಾಯಿಯನ್ನು ಹೊರಗೆ ಕೂರಿಸಿ ಹುಡುಗನ ಜೊತೆ ಮಾತಾಡಿದೆ. ಅವನೇ ಹಿಂದಿನ ದಿನ ಮಾಡಿದ್ದ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಬರೆದುಕೊಟ್ಟೆ. ಮೊದಲ ಸಾಲು ಬರೆದ. ಪೆನ್ಸಿಲ್ ನಿಲ್ಲಿಸಿ ಬಾಗಿಲ ಕಡೆ ನೋಡಿದ.

"ಯಾಕೆ ಪುಟ್ಟ, ನಿಲ್ಲಿಸಿಬಿಟ್ಟೆ?"

"ಮುಂದಿಂದು ಅಮ್ಮ ಹೇಳ್ತಾರೆ."

"ನೀನೇ ಬರಿ, ತಪ್ಪಾದ್ರೂ ಪರವಾಗಿಲ್ಲ."

"ತಪ್ಪಾದ್ರೆ ಪೇಜ್ ಹರೀತಾರೆ ಮೇಡಂ. ಮತ್ತೆ ಮೊದಲಿಂದ ಬರೀಬೇಕು. ಅದಕ್ಕೇ ಅಮ್ಮ ಹೇಳೋ ತನಕ ನಾನು ಬರಿಯಲ್ಲ."

ಇದನ್ನು ಸೋಮಾರಿತನ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಸ್ವಂತ ಯೋಚಿಸಿ ಬರೆದರೆ ಪುಟ ಹೋಗುತ್ತದೆ. ಕಾದು ಕೂತರೆ ಸರಿ ಉತ್ತರ ಸಿಗುತ್ತದೆ. ಯಾವ ಮಗುವಾದರೂ ಕಾಯುವುದನ್ನೇ ಕಲಿಯುತ್ತದೆ ಅಲ್ವಾ? ಪರೀಕ್ಷೆಯಲ್ಲಿ ಅವನಿಗೆ ಕೈ ಓಡದೇ ಇದ್ದದ್ದೂ ಇದಕ್ಕೇ. ಅಲ್ಲಿ ಮುಂದಿನ ಸಾಲು ಹೇಳುವವರು ಯಾರೂ ಇರಲಿಲ್ಲ. ಭಯ ಆಮೇಲೆ ಬಂದು ಸೇರಿಕೊಂಡದ್ದು.

ತಾಯಿಯ ಜೊತೆ ಒಂಟಿಯಾಗಿ ಕೂತಾಗ ಅವರ ಭಯವೂ ಹೊರಗೆ ಬಂತು. ಅವರು ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮಾಡಿದವರು. ತರಗತಿಯ ಅಮ್ಮಂದಿರ ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನಾ ರಾತ್ರಿ ಮಕ್ಕಳ ಪುಸ್ತಕದ ಫೋಟೋ ಬರುತ್ತವೆ. "ಅವರೆಲ್ಲ ಡಿಗ್ರಿ ಓದಿದೋರು. ನನ್ನ ಇಂಗ್ಲಿಷ್ ಎಷ್ಟು ಅಂತ ನನಗೇ ಗೊತ್ತು. ಇವನು ತಪ್ಪು ಬರೆದು ತಗೊಂಡು ಹೋದ್ರೆ ಅವರಮ್ಮನಿಗೇ ಏನೂ ಬರಲ್ಲ ಅಂತಾರೆ." ಗೈಡು, ಹರಿದ ಪುಟ, ಮುತ್ತಿನಂಥ ಅಕ್ಷರ ಎಲ್ಲದರ ಹಿಂದೆ ಇದ್ದದ್ದು ಈ ಸಂಕಟ. ಇಂಥ ತಾಯಿಯನ್ನು ಗದರಿಸಿ ಕಳಿಸಿದರೆ ಆಗುವ ಉಪಯೋಗ ಏನೂ ಇಲ್ಲ. ದಿನಾ ಎರಡೂವರೆ ಗಂಟೆ ಮಗನ ಪಕ್ಕ ಕೂರುವವರು ಅವರು. ಆ ಶ್ರಮ ದೊಡ್ಡದು. ಅದು ಹೋಗುತ್ತಿದ್ದ ದಾರಿಯನ್ನು ಮಾತ್ರ ಬದಲಿಸಬೇಕಿತ್ತು.

ಸಲಹೆ ಕೊಡುವ ಮುಂಚೆ ಓದುವುದರಲ್ಲೇ ತೊಡಕಿದೆಯಾ ಎಂದೂ ನೋಡಿದೆ. ಚೇತನ್ ಕನ್ನಡವನ್ನು ಸರಾಗವಾಗಿ ಓದಿದ, ಇಂಗ್ಲಿಷ್ ನಿಧಾನ. ಕಳೆದ ವರ್ಷವಷ್ಟೇ ಮಾಧ್ಯಮ ಬದಲಿಸಿದವನಿಗೆ ಅದು ಸಹಜ. ಆದರೆ ಏಳನೇ ತರಗತಿಗೆ ಬಂದರೂ ಮನೆಮಾತಿನಲ್ಲೇ ಅಕ್ಷರ ಕೂಡಿಸಿ ಓದುವ, ಬೋರ್ಡಿನಿಂದ ಬರೆದುಕೊಳ್ಳುವಾಗ ಪದೇ ಪದೇ ಅಕ್ಷರ ಬಿಡುವ ಮಕ್ಕಳಿದ್ದರೆ ಹೋಂವರ್ಕ್ ವಿಚಾರ ಬದಿಗಿಟ್ಟು ಮೊದಲು ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿಕಾ ನ್ಯೂನತೆಯ ತಪಾಸಣೆ ಮಾಡುತ್ತಾರೆ. ಕಲಿಕಾ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲೇ ಸೇರಿಸಿದ್ದಾರೆ. ಮುಚ್ಚಿಡುವ ವಿಷಯ ಅಲ್ಲ.

ತಾಯಿಗೆ ಕೊಟ್ಟ ಮೊದಲ ಸಲಹೆ ಅವರು ಕೂರುವ ಜಾಗದ ಬಗ್ಗೆ. ಶುರುವಿನಲ್ಲಿ ಐದು ನಿಮಿಷ ಮಗನ ಪಕ್ಕ ಕೂರಿ. ಇವತ್ತು ಏನೇನಿದೆ, ಯಾವುದು ಕಷ್ಟ, ಯಾವುದರಿಂದ ಶುರು ಮಾಡ್ತೀಯ ಎಂದು ಕೇಳಿ. ಆಮೇಲೆ ಎದ್ದು ಹೋಗಿ. ಅಡುಗೆಮನೆಯಲ್ಲಿ ನಿಮ್ಮ ಕೆಲಸ ನೋಡಿಕೊಳ್ಳಿ. ಕೊನೆಗೆ ಹತ್ತು ನಿಮಿಷ ಬನ್ನಿ. ನಡುವೆ ಅವನು ಕರೆದರೆ ಉತ್ತರ ಹೇಳಬೇಡಿ. "ಎಲ್ಲಿವರೆಗೆ ಬಂತು, ತೋರಿಸು" ಎನ್ನಿ. ಎಷ್ಟೋ ಸಲ ತೋರಿಸುತ್ತಾ ತೋರಿಸುತ್ತಾ ಅವರಿಗೇ ಮುಂದಿನದು ಹೊಳೆಯುತ್ತದೆ.

ಎರಡನೆಯದು, ಪುಟ ಹರಿಯುವುದು ಅವತ್ತಿಗೇ ನಿಲ್ಲಬೇಕು. ರಬ್ಬರ್ ಕೂಡ ಬೇಡ ಎಂದೆ. ತಪ್ಪಾದ ಸಾಲಿನ ಸುತ್ತ ಪೆನ್ಸಿಲ್‌ನಿಂದ ಒಂದು ಗೆರೆ, ಕೆಳಗೆ ಮತ್ತೆ ಲೆಕ್ಕ. ಬರದ ಲೆಕ್ಕವನ್ನು ಹಾಗೇ ಬಿಟ್ಟು, ಡೈರಿಯಲ್ಲಿ ಕನ್ನಡದಲ್ಲೇ ಬರೆಯಿರಿ: "ಇಲ್ಲಿವರೆಗೆ ಅವನೇ ಮಾಡಿದ್ದಾನೆ. ಮುಂದೆ ಗೊತ್ತಾಗಿಲ್ಲ." ಇದನ್ನು ಬರೆಯಲು ತಾಯಿ ತುಂಬಾ ಹಿಂಜರಿದರು. ಆದರೆ ಮಗುವಿಗೆ ಎಲ್ಲಿ ಅರ್ಥವಾಗಿಲ್ಲ ಎಂದು ಟೀಚರ್‌ಗೆ ಗೊತ್ತಾಗಬೇಕಾದರೆ ಪುಸ್ತಕದಲ್ಲಿ ಅದು ಕಾಣಬೇಕು. ಎಲ್ಲವೂ ಸರಿ ಇರುವ ಪುಸ್ತಕ ನೋಡಿ ಅವರು ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ.

ಗಣಿತಕ್ಕೆ ಒಂದು ಪದ್ಧತಿ ಹೇಳಿಕೊಟ್ಟೆ. ಪಠ್ಯದಲ್ಲಿ ಬಿಡಿಸಿಟ್ಟ ಉದಾಹರಣೆ ಇರುತ್ತದಲ್ಲ, ಅದರ ಮೇಲೆ ಒಂದು ಹಾಳೆ ಮುಚ್ಚಬೇಕು. ಒಂದೊಂದೇ ಸಾಲು ಸರಿಸಿ, ಮುಂದಿನ ಸಾಲು ಏನಿರಬಹುದು ಎಂದು ಮೊದಲೇ ಹೇಳಬೇಕು. ಆಮೇಲೆ ಅಭ್ಯಾಸದ ಲೆಕ್ಕ.

ಓದುವ ವಿಷಯಗಳಿಗೆ: ಓದು, ಪುಸ್ತಕ ಮುಚ್ಚು, ನೆನಪಾದಷ್ಟು ಬರಿ, ತೆಗೆದು ನೋಡು. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿ ನೋಡಿದ್ದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ನೋಡದೆ ನೆನಪಿಸಿಕೊಂಡು ಬರೆದವರಿಗೆ ಜಾಸ್ತಿ ನೆನಪಿತ್ತು. "ಮನೇಲಿ ಎಲ್ಲಾ ಬರುತ್ತೆ" ಎಂದು ತಾಯಿಗೆ ಯಾಕೆ ಅನ್ನಿಸುತ್ತಿತ್ತು ಎನ್ನುವುದಕ್ಕೂ ಇದರಲ್ಲೇ ಉತ್ತರ ಇದೆ. ಗೈಡು ನೋಡಿ ಬರೆದ ಕೂಡಲೇ ಕೇಳಿದರೆ ಯಾರಾದರೂ ಹೇಳುತ್ತಾರೆ.

ಇಂಗ್ಲಿಷ್ ತೊಡಕಿಗೆ ದಾರಿ ಸಿಕ್ಕಿದ್ದು ನನ್ನ ಕೋಣೆಯಲ್ಲೇ. ಆ ವಾರದ ಪಾಠ ಆಮ್ಲ, ಪ್ರತ್ಯಾಮ್ಲ (ಆ್ಯಸಿಡ್, ಬೇಸ್). "ಟರ್ಮರಿಕ್ ಈಸ್ ಎ ನ್ಯಾಚುರಲ್ ಇಂಡಿಕೇಟರ್" ಎಂದು ಹುಡುಗ ಒಂದೇ ಉಸಿರಿಗೆ ಒಪ್ಪಿಸಿದ. ಅರಿಶಿನ ಬಣ್ಣ ಬದಲಿಸಿ ಆಮ್ಲ, ಪ್ರತ್ಯಾಮ್ಲ ಯಾವುದೆಂದು ತೋರಿಸಿಕೊಡುತ್ತದೆ ಎಂದು ಅದರ ಅರ್ಥ. ಹಾಗಂದ್ರೆ ಏನು ಎಂದರೆ ಅವನು ಸುಮ್ಮನಾದ. ನಾನು ತಾಯಿಯ ಕಡೆ ತಿರುಗಿದೆ. "ಬಿಳಿ ಅಂಗಿ ಮೇಲೆ ಅರಿಶಿನ ಹಾಕಿದ ಸಾರು ಚೆಲ್ಲಿ, ಅದಕ್ಕೆ ಸೋಪು ಹಚ್ಚಿದ್ರೆ ಏನಾಗುತ್ತೆ?"

"ಕಲೆ ಕೆಂಪಗಾಗುತ್ತೆ."

"ಆರತಿಗೆ ಓಕುಳಿ ಹೇಗೆ ಮಾಡ್ತೀರಿ?"

"ಅರಿಶಿನದ ನೀರಿಗೆ ಚೂರು ಸುಣ್ಣ ಹಾಕ್ತೀವಿ, ಕೆಂಪಾಗುತ್ತೆ."

ಚೇತನ್ ತಟ್ಟನೆ ಅಮ್ಮನ ಮುಖ ನೋಡಿದ. "ಅಂದ್ರೆ ಸುಣ್ಣನೂ ಸೋಪಿನ ಥರ ಬೇಸಾ? ಅದಕ್ಕೆ ನಿಂಬೆಹಣ್ಣು ಹಿಂಡಿದ್ರೆ ಮತ್ತೆ ಹಳದಿ ಆಗುತ್ತಾ?"

ಆಗುತ್ತದೆ. ನಿಂಬೆಯ ಆಮ್ಲ ಸುಣ್ಣವನ್ನು ಮೀರಿಸುವಷ್ಟು ಬಿದ್ದರೆ ಅರಿಶಿನ ಹಳದಿಗೆ ಮರಳುತ್ತದೆ. ಮನೆಗೆ ಹೋಗಿ ಅಮ್ಮನ ಜೊತೆ ಮಾಡಿ ನೋಡು ಎಂದೆ. ಮರುದಿನ ಅವನು ಬರೆದ ಉತ್ತರದ ಫೋಟೋವನ್ನು ತಾಯಿ ಕಳಿಸಿದರು. ನಾಲ್ಕೇ ವಾಕ್ಯ. ಇಂಗ್ಲಿಷ್‌ನಲ್ಲಿ ಎರಡು ಕಡೆ ವ್ಯಾಕರಣ ತಪ್ಪಿತ್ತು. ಅಷ್ಟೂ ಅವನದೇ ಮಾತು. ಆಗಿನಿಂದ ನಮ್ಮ ನಿಯಮ ಇದು: ಮೊದಲು ಪಾಠವನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕು, ಆಮೇಲೆ ಇಂಗ್ಲಿಷ್‌ನಲ್ಲಿ ಬರೆಯಬೇಕು. ಕನ್ನಡದಲ್ಲಿ ಹೇಳಲು ಬಾರದಿದ್ದರೆ ಅದು ಅರ್ಥವಾಗಿಲ್ಲ ಎಂದೇ ಲೆಕ್ಕ. ಕನ್ನಡದಲ್ಲಿ ಓದಿದ ಅಮ್ಮ ಮಗನ ವಿಜ್ಞಾನದ ಪಾಠಕ್ಕೆ ಸಾಲದು ಎಂಬ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ.

ತಾತನ ಟಿವಿ ಹೊತ್ತು ಊಟದ ನಂತರಕ್ಕೆ ಹೋಯಿತು, ಅವರು ತಕರಾರು ಮಾಡಲಿಲ್ಲ. ಅಪ್ಪನಿಗೆ ಫೋನಿನಲ್ಲಿ ಒಂದೇ ಮಾತು ಹೇಳಿದೆ. ಮನೆಗೆ ಬಂದ ಕೂಡಲೇ "ಹೋಂವರ್ಕ್ ಆಯ್ತಾ?" ಎನ್ನುವ ಬದಲು "ಇವತ್ತು ಗೊತ್ತಾಗಿದ್ದು ಒಂದು ಹೇಳು ಮಗಾ" ಎಂದು ಕೇಳಿ.

ಮೊದಲ ವಾರಗಳು ಸುಲಭ ಇರಲಿಲ್ಲ. 'ನೀಟ್' ಎಂದು ಬರುತ್ತಿದ್ದ ಜಾಗದಲ್ಲಿ 'ಅಕ್ಷರ ಸುಧಾರಿಸಲಿ' ಎಂದು ಕೆಂಪು ಶಾಯಿಯಲ್ಲಿ ಬಂತು. ತಾಯಿ ಗಾಬರಿಯಾಗಿ ಫೋನ್ ಮಾಡಿದರು. ತರಗತಿ ಟೀಚರ್‌ನ ಹೋಗಿ ಕಾಣಿ, ಏನು ಮಾಡುತ್ತಿದ್ದೀರಿ ಎಂದು ಬಿಡಿಸಿ ಹೇಳಿ ಎಂದೆ. ಹೋದರು. ಟೀಚರ್ ಅರ್ಥ ಮಾಡಿಕೊಂಡರು. ಬಿಟ್ಟ ಲೆಕ್ಕಗಳನ್ನು ತರಗತಿಯಲ್ಲೇ ಮತ್ತೊಮ್ಮೆ ಹೇಳಿಕೊಡಲು ಶುರು ಮಾಡಿದರು. ಮುಂದಿನ ವಿಜ್ಞಾನದ ಟೆಸ್ಟ್‌ನಲ್ಲಿ 25ಕ್ಕೆ 13 ಬಂತು. ಗಣಿತದಲ್ಲಿ 9. ಕೂರುವ ಹೊತ್ತು ಒಂದೂಕಾಲು ಗಂಟೆಗೆ ಇಳಿದಿದೆ.

ಟ್ಯೂಷನ್ ವಿಚಾರ ಇನ್ನೂ ಬಗೆಹರಿದಿಲ್ಲ. ಬಿಡಿಸಲು ಅಪ್ಪನಿಗೆ ಇಷ್ಟವಿಲ್ಲ. ಬೇರೆ ಹೋಂವರ್ಕ್ ಕೊಡಬೇಡಿ, ಆ ಹೊತ್ತಿನಲ್ಲಿ ಶಾಲೆಯ ಬಾರದ ಲೆಕ್ಕಗಳನ್ನೇ ಮಾಡಿಸಿ ಎಂದು ಟ್ಯೂಷನ್‌ನವರ ಹತ್ತಿರ ಮಾತಾಡಲು ಒಪ್ಪಿದ್ದಾರೆ. ದಸರಾ ರಜೆಗೆ ವಿಜ್ಞಾನದ ಪ್ರಾಜೆಕ್ಟ್ ಇದೆಯಂತೆ. ಅಂಗಡಿಯಲ್ಲಿ ಸಿಗುವ ರೆಡಿ ಚಾರ್ಟ್ ತರಲಾ ಎಂದು ತಾಯಿ ಕೇಳಿದರು. ಬೇಡ, ಅರಿಶಿನ, ಸುಣ್ಣ, ನಿಂಬೆಹಣ್ಣು ಮನೆಯಲ್ಲೇ ಇದೆ, ಅವನೇ ಮಾಡಲಿ ಎಂದಿದ್ದೇನೆ. ಸುಣ್ಣ ಮುಟ್ಟುವ ಕೆಲಸ ಮಾತ್ರ ನೀವು ಮಾಡಿಕೊಡಿ, ಕಣ್ಣಿಗೆ ಹಾರಿದರೆ ಅಪಾಯ.