ಆಪ್ತಸಲಹೆ ಪ್ರಕರಣ: ಅಪರಾಧಶಾಸ್ತ್ರ ಓದುತ್ತೇನೆಂದ ತೀರ್ಥಹಳ್ಳಿ ಕಡೆಯ ಹುಡುಗಿ

ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಸುಮಾಗೆ ಹತ್ತೊಂಬತ್ತು ವರ್ಷ. ಪಿಯುಸಿಯಲ್ಲಿ ಕಲಾ ವಿಭಾಗ, ಶೇ. 62 ಅಂಕ. ತಂದೆಗೆ ಎರಡೂವರೆ ಎಕರೆ ಅಡಿಕೆ ತೋಟ. ಎಲೆಚುಕ್ಕಿ ರೋಗ ಬಂದ ಮೇಲೆ ಫಸಲು ಇಳಿದಿದೆ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಅಪರಾಧಶಾಸ್ತ್ರ ಮತ್ತು ಅಪರಾಧ ನ್ಯಾಯದ ಪಾಥ್‌ವೇ ಡಿಪ್ಲೊಮಾಕ್ಕೆ (ಪದವಿಗೆ ದಾರಿ ಮಾಡಿಕೊಡುವ ಕೋರ್ಸು) ಒಬ್ಬ ಏಜೆಂಟ್ ಅರ್ಜಿ ತುಂಬಿಸಿದ್ದ. ‘ಓದು ಮುಗಿದ ಕೂಡಲೇ ಅಲ್ಲಿಯೇ ಪೊಲೀಸ್ ಕೆಲಸ’ ಅಂದಿದ್ದನಂತೆ. ಅರ್ಧ ಎಕರೆ ತೋಟ ಮಾರುವ ಮಾತು ಮನೆಯಲ್ಲಿ ಶುರುವಾಗಿತ್ತು.

“ಡಿಪ್ಲೊಮಾ ಅಂದ್ರೆ ಪಾಲಿಟೆಕ್ನಿಕ್ ತರದ್ದೇ ಅಲ್ವಾ ಮೇಡಂ? ಅದಕ್ಕೆ ಅಷ್ಟು ದೂರ ಎಂತಕ್ಕೆ?” ಅಂತ ತಂದೆ ಕೇಳಿದರು. ತಾಯಿಯದು ಬೇರೆಯೇ ಸಂಕಟ: “ಕೊಲೆ, ಕಳ್ಳತನದ ಓದು ಅಂದ್ರೆ ನಾಳೆ ಸಂಬಂಧ ಕೇಳ್ಕೊಂಡು ಯಾರು ಬರ್ತಾರೆ?”

ಇಬ್ಬರನ್ನೂ ಹೊರಗೆ ಕೂರಿಸಿ ಸುಮಾಳೊಬ್ಬಳ ಜೊತೆ ಮಾತಾಡಿದೆ. ಬ್ಯಾಗಿನಿಂದ ಒಂದು ಗೆರೆ ನೋಟ್‌ಬುಕ್ ತೆಗೆದಳು. ಅವಳ ಚಿಕ್ಕಮ್ಮ ಕೌಟುಂಬಿಕ ದೌರ್ಜನ್ಯದ ಕೇಸು ಹಾಕಿದ್ದಾರೆ. ಕೋರ್ಟಿಗೆ ಜೊತೆಗೆ ಹೋಗುವವಳು ಇವಳೇ. ಪ್ರತಿ ತಾರೀಖಿಗೂ ಅರ್ಧ ಪುಟ ಬರೆದಿದ್ದಳು. ಒಂದು ಕಡೆ ಹೀಗಿತ್ತು: ‘ಎದುರು ಪಾರ್ಟಿ ವಕೀಲರು ಬಂದಿಲ್ಲ. ಮತ್ತೆ ತಾರೀಖು. ಚಿಕ್ಕಮ್ಮ ಬೆಳಿಗ್ಗೆಯಿಂದ ಎಂತದೂ ತಿಂದಿಲ್ಲ. ಕೇಸು ಎಲ್ಲಿವರೆಗೆ ಬಂತು ಅಂತ ಅವಳಿಗೆ ಯಾರೂ ಹೇಳೂದಿಲ್ಲ.’

ಟಿವಿ ನೋಡಿ ಹುಟ್ಟಿದ ಆಸೆ ಹೀಗೆ ಬರೆಸುವುದಿಲ್ಲ. ನೊಂದವರನ್ನು ವ್ಯವಸ್ಥೆ ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ಅಪರಾಧಶಾಸ್ತ್ರದ ದೊಡ್ಡ ಭಾಗ. ಯಾರೂ ಹೇಳಿಕೊಡದೆ ಅವಳು ಅದಕ್ಕೇ ಕೈಹಾಕಿದ್ದಳು. ವಿಷಯ ಬಿಡು ಎಂದು ಹೇಳುವ ಪ್ರಶ್ನೆಯೇ ಬರಲಿಲ್ಲ. ದಾರಿ ಯಾವುದು ಎಂದು ನೋಡಬೇಕಿತ್ತು.

ಮೂವರನ್ನೂ ಕೂರಿಸಿ ಮೊದಲು ತಂದೆಯ ಅನುಮಾನ ಬಿಡಿಸಿದೆ. ಇದು ಪಾಲಿಟೆಕ್ನಿಕ್ ಡಿಪ್ಲೊಮಾ ಅಲ್ಲ. ಅಲ್ಲಿನ ಪದವಿಗೆ ನೇರ ಪ್ರವೇಶ ಸಿಗುವಷ್ಟು ಅಂಕ ಇಲ್ಲದವರಿಗೆ ಪದವಿಯ ಮೊದಲ ವರ್ಷವನ್ನೇ ಸಣ್ಣ ತರಗತಿಗಳಲ್ಲಿ ಕಲಿಸುತ್ತಾರೆ. ಪಾಸಾದರೆ ಎರಡನೇ ವರ್ಷಕ್ಕೆ ಹೋಗಬಹುದು. ಗ್ರಿಫಿತ್ ಕಾಲೇಜಿನ ಡಿಪ್ಲೊಮಾದಿಂದ ಗ್ರಿಫಿತ್ ವಿಶ್ವವಿದ್ಯಾಲಯಕ್ಕೆ ಇಂಥದೇ ದಾರಿ ಇದೆ. ಮೋಸವೇನಲ್ಲ, ಒಳ್ಳೆಯ ವ್ಯವಸ್ಥೆಯೇ. ಆದರೆ ಡಿಪ್ಲೊಮಾಕ್ಕೆ ನಿಂತರೆ ಕೈಯಲ್ಲಿರುವುದು ಒಂದು ವರ್ಷದ ಓದು ಮಾತ್ರ. ಲೆಕ್ಕ ಹಾಕಬೇಕಾದ್ದು ಮೂರು ವರ್ಷಕ್ಕೆ.

ಏಜೆಂಟ್ ಹೇಳದೇ ಬಿಟ್ಟದ್ದೇ ಮುಖ್ಯ. ಆಸ್ಟ್ರೇಲಿಯಾದಲ್ಲಿ ಪೊಲೀಸ್ ನೇಮಕಾತಿಗೆ ಸಾಮಾನ್ಯವಾಗಿ ಅಲ್ಲಿನ ಪೌರತ್ವ ಅಥವಾ ಕಾಯಂ ವಾಸದ ಹಕ್ಕು ಕೇಳುತ್ತಾರೆ. ವಿದ್ಯಾರ್ಥಿ ವೀಸಾದ ಮೇಲೆ ಹೋದವರಿಗೆ ಓದು ಮುಗಿದ ಕೂಡಲೇ ಆ ಬಾಗಿಲು ತೆರೆಯುವುದಿಲ್ಲ. ಬ್ರಿಸ್ಬೇನ್‌ನಲ್ಲಿ ಕಲಿಸುವ ಅಪರಾಧ ಕಾನೂನು ಆ ಊರಿರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದ್ದು. ಇಲ್ಲಿ 2024ರ ಜುಲೈ 1ರಿಂದ ಹಳೆಯ ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ವಾಪಸ್ ಬಂದರೆ ಇಲ್ಲಿನದನ್ನು ಹೊಸದಾಗಿ ಕಲಿಯಬೇಕು. ಪಿಎಸ್‌ಐ ಪರೀಕ್ಷೆಗೆ ಯಾವುದೇ ಪದವಿ ಸಾಕು; ಅದಕ್ಕಾಗಿ ಸಮುದ್ರ ದಾಟಬೇಕಿಲ್ಲ. ಪ್ರಯೋಗಾಲಯದ ವಿಧಿವಿಜ್ಞಾನಕ್ಕೆ ವಿಜ್ಞಾನ ಓದಿರಬೇಕು, ಆ ಆಸೆಯೂ ಅವಳಿಗಿಲ್ಲ.

ದುಡ್ಡಿನ ಮಾತಿಗೆ ತಂದೆ ಮುಂದೆ ಬಾಗಿ ಕೂತರು. ವೀಸಾ ಶುಲ್ಕವೇ 2025ರ ಜುಲೈಯಿಂದ 2,000 ಆಸ್ಟ್ರೇಲಿಯನ್ ಡಾಲರ್; ನಿರಾಕರಿಸಿದರೂ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡಮಾನ ಬೇಕು. ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆಯೇ ಅಡಮಾನದ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯ ಹೊರಗೆ ಕೃಷಿ ಭೂಮಿ ಇರುವುದರಿಂದ ಅದರ ಮೇಲೆ ಇಂಥ ಸಾಲ ಕೊಡಲು ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಹಾಗಾಗಿ ಮಾತು ತೋಟ ಮಾರುವುದಕ್ಕೇ ಬಂದು ನಿಲ್ಲುತ್ತದೆ. “ರೋಗ ಬಿದ್ದ ತೋಟಕ್ಕೆ ಈಗ ಒಳ್ಳೆ ರೇಟೂ ಇಲ್ಲ ಮೇಡಂ” ಅಂದರು. ಹತ್ತೊಂಬತ್ತಕ್ಕೆ ಮಾಡುವ ಆಯ್ಕೆಗೆ ಮನೆಯ ಏಕೈಕ ಆಸ್ತಿಯನ್ನು ಒತ್ತೆ ಇಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಹಾಗೆಯೇ ಹೇಳಿದೆ.

ನಾನು ಸೂಚಿಸಿದ್ದು ಇಷ್ಟು. ಈ ವರ್ಷವೇ ಶಿವಮೊಗ್ಗದಲ್ಲಿ ಸಮಾಜಶಾಸ್ತ್ರ, ಮನಃಶಾಸ್ತ್ರ ಇರುವ ಬಿಎಗೆ ಸೇರಬೇಕು. ಪೊಲೀಸ್ ಮತ್ತು ಭದ್ರತೆಯ ವಿಷಯಗಳನ್ನು ಕಲಿಸುವ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ ಶಿವಮೊಗ್ಗದಲ್ಲೇ ಇದೆ. ಅಲ್ಲಿನ ಕೋರ್ಸುಗಳನ್ನು ಖುದ್ದು ಹೋಗಿ ವಿಚಾರಿಸಬೇಕು. ಪದವಿಯ ನಂತರ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರ ವಿಭಾಗವಿದೆ, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಿದೆ. ಆಗಲೂ ಹೊರದೇಶದ ಮನಸ್ಸಿದ್ದರೆ ಸ್ನಾತಕೋತ್ತರಕ್ಕೆ ವಿದ್ಯಾರ್ಥಿವೇತನ ಹುಡುಕಬಹುದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ನೊಂದ ಹೆಣ್ಣಿಗೆ ನೆರವಾಗುವ ಸಂರಕ್ಷಣಾಧಿಕಾರಿ, 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯಲ್ಲಿ ಜೈಲಿನ ಬದಲು ನಿಗಾದಲ್ಲಿ ಬಿಟ್ಟವರನ್ನು ನೋಡಿಕೊಳ್ಳುವ ಪರಿವೀಕ್ಷಣಾಧಿಕಾರಿ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೊ ಪ್ರಕರಣಗಳಲ್ಲಿ ಮಗುವಿನ ಬೆಂಬಲಕ್ಕೆ ನಿಲ್ಲುವವರು: ಅವಳ ನೋಟ್‌ಬುಕ್ಕಿನ ಪ್ರಶ್ನೆಗಳಿಗೆ ಹತ್ತಿರದ ಕೆಲಸಗಳು ಇವೇ.

ತಾಯಿಗೆ ಕೇಳಿದೆ: “ಅಮ್ಮಾ, ನಿಮ್ಮ ತಂಗಿ ಕೋರ್ಟಲ್ಲಿ ಏನೂ ತಿಳಿಯದೆ ಕೂತಿದ್ದಾಗ ಇಂಥ ಓದು ಓದಿದ ಹುಡುಗಿಯೊಬ್ಬಳು ಬಂದು ಪಕ್ಕದಲ್ಲಿ ಕೂತಿದ್ದರೆ?” ಅವರು ಮಗಳ ಕಡೆ ನೋಡಿ, “ಓದ್ಲಿ ಬಿಡಿ” ಅಂದರು.

ಸುಮಾಗೆ ಬೇಸರವಾಯಿತು, ಮುಚ್ಚಿಡಲಿಲ್ಲ. ವಿಮಾನ ಹತ್ತುವ ಕನಸು ಒಂದೇ ಮಧ್ಯಾಹ್ನದಲ್ಲಿ ಮುಂದಕ್ಕೆ ಹೋಯಿತಲ್ಲ. ಆ ಬೇಸರಕ್ಕೆ ಜಾಗ ಕೊಡಿ, ‘ನಿನ್ನ ಒಳ್ಳೇದಕ್ಕೇ’ ಅಂತ ದಿನಾ ಹೇಳಬೇಡಿ ಎಂದು ತಂದೆ ತಾಯಿಗೆ ಬೇರೆಯಾಗಿ ತಿಳಿಸಿದೆ. ಈಗ ಬಿಎ ಸೇರಿ ಹಾಸ್ಟೆಲಿನಲ್ಲಿದ್ದಾಳೆ. ಏಜೆಂಟಿಗೆ ಕಟ್ಟಿದ ಮುಂಗಡ ವಾಪಸ್ ಕೇಳಿ ಪತ್ರವನ್ನು ಅವಳೇ ಬರೆದಳು. ಉತ್ತರ ಇನ್ನೂ ಬಂದಿಲ್ಲ. ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುವ ಬಗೆ ಹೇಳಿಕೊಟ್ಟಿದ್ದೇನೆ.