ಎತ್ತಿಗೆ ಜ್ವರ, ಥರ್ಮೋಸ್ಟಾಟ್‌ಗೆ ಬರೆ

ಹಳೆಯ ಕಾರುಗಳ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ: ‘ಗಾಡಿ ಹೀಟ್ ಆಗುತ್ತಿದೆ, ಮೆಕ್ಯಾನಿಕ್ ಥರ್ಮೋಸ್ಟಾಟ್ ತೆಗೆದುಹಾಕಿದ್ದಾರೆ, ಸರಿಯೇ?’ ಸರಿಯಲ್ಲ ಎಂದು ಒಂದೊಂದು ಸಾಲಿನಲ್ಲಿ ಬರೆದು ಬರೆದು ನನಗೆ ಬೇಸರ ಬಂದಿದೆ. ಈ ಸಲ ಅಂಕಣದ ಬಹುಪಾಲು ಜಾಗವನ್ನು ಅದಕ್ಕೇ ಕೊಡುತ್ತಿದ್ದೇನೆ. ಥರ್ಮೋಸ್ಟಾಟ್ ಎಂದರೆ ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆದು, ಬಿಸಿಯಾದ ಮೇಲೆ ತೆರೆದುಕೊಳ್ಳುವ ಪುಟ್ಟ ಬಾಗಿಲು. ಆಯಿಲ್ ಹೇಗೆ ಬದಲಿಸಬೇಕು, ಪ್ಲಗ್ ಹೇಗೆ ಬಿಚ್ಚಬೇಕು ಎಂಬುದನ್ನೆಲ್ಲ ಹೇಳಲು ಕೂರುವುದಿಲ್ಲ. ಅಷ್ಟೂ ಗೊತ್ತಿಲ್ಲದವರು ದಯವಿಟ್ಟು ಬಾನೆಟ್ ಎತ್ತಬೇಡಿ.

ಪ್ರಶ್ನೆ: ನನ್ನದು 2003ರ ಫಿಯೆಟ್ ಪಾಲಿಯೊ 1.6 ಜಿಟಿಎಕ್ಸ್. ಮನೆಯಲ್ಲೇ ಸ್ವಲ್ಪಸ್ವಲ್ಪ ಸರಿಮಾಡಿಕೊಳ್ಳುತ್ತಿದ್ದೇನೆ. ಊರೊಳಗೆ ನಿಂತು ನಿಂತು ಹೋಗುವಾಗ ಟೆಂಪರೇಚರ್ ಮುಳ್ಳು ಕೆಂಪಿನ ಹತ್ತಿರ ಹೋಗುತ್ತಿತ್ತು. ಹೈವೇಯಲ್ಲಿ ತೊಂದರೆ ಇರಲಿಲ್ಲ. ಗ್ಯಾರೇಜಿನವರು ‘ನಮ್ಮ ದೇಶದ ಬಿಸಿಲಿಗೆ ಇದು ಬೇಡ’ ಎಂದು ಥರ್ಮೋಸ್ಟಾಟ್ ತೆಗೆದರು, ಎಂಜಿನ್ ತಣಿಸುವ ಕೂಲಂಟ್ ಚೆಲ್ಲಿ ನಲ್ಲಿ ನೀರು ತುಂಬಿದರು. ಈಗ ಹೈವೇಯಲ್ಲಿ ಮುಳ್ಳು ಮೇಲೇಳುವುದೇ ಇಲ್ಲ, ಪಿಕಪ್ ಸತ್ತಿದೆ, ಮೈಲೇಜ್ 11ರಿಂದ 8ಕ್ಕೆ ಇಳಿದಿದೆ. ಊರೊಳಗೆ ಮಾತ್ರ ಈಗಲೂ ಕಾಯುತ್ತದೆ. ಎಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಬೇಕು ಎನ್ನುತ್ತಿದ್ದಾರೆ. — ಹಾಸನದ ಓದುಗರು

ಉತ್ತರ: ಹೆಡ್ ಮುಟ್ಟಲು ಬಿಡಬೇಡಿ. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ, ನಿಮ್ಮ ಗ್ಯಾರೇಜಿನವರು ಅದನ್ನು ಕಿವಿಗೆ ಹಾಕಿಕೊಂಡಿಲ್ಲ ಅಷ್ಟೆ.

ನಿಂತಾಗ ಕಾಯುತ್ತದೆ, ಓಡುವಾಗ ತಣ್ಣಗಿರುತ್ತದೆ ಎಂದರೆ ಏನು? ಓಡುವಾಗ ರೇಡಿಯೇಟರ್‌ಗೆ ಗಾಳಿ ತಾನಾಗಿ ನುಗ್ಗುತ್ತದೆ. ನಿಂತಾಗ ಆ ಗಾಳಿಯನ್ನು ಫ್ಯಾನ್ ಎಳೆದು ಕೊಡಬೇಕು. ಗಾಳಿ ಇದ್ದಾಗ ಎಂಜಿನ್ ಸರಿಯಿದೆ, ಇಲ್ಲದಾಗ ಕಾಯುತ್ತದೆ ಎಂದಮೇಲೆ ಅನುಮಾನ ಮೊದಲು ಫ್ಯಾನ್ ಮೇಲೆ ಬರಬೇಕು. ಥರ್ಮೋಸ್ಟಾಟ್ ಮುಚ್ಚಿಕೊಂಡೇ ಸಿಕ್ಕಿಬಿದ್ದಿದ್ದರೆ ನಿಮ್ಮ ಗಾಡಿ ಹೈವೇಯಲ್ಲೂ ಕುದಿಯುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಆಗಿರುವುದು ಅದೇ.

ನಿಮ್ಮದು ಸಾಮಾನ್ಯ ಗಾಡಿಯಲ್ಲ ಎಂಬ ಸಂಕಟವೂ ನನಗಿದೆ. 2001ರಲ್ಲಿ ಪಾಲಿಯೊ ನಮ್ಮ ದೇಶಕ್ಕೆ ಬಂದಾಗ ಮಾರುತಿ ಝೆನ್‌ನಂಥ ಪುಟ್ಟ ಕಾರುಗಳು 60 ಬಿಎಚ್‌ಪಿ ಆಸುಪಾಸಿನಲ್ಲಿದ್ದವು. ಅಂಥ ಹೊತ್ತಿನಲ್ಲಿ ಫಿಯೆಟ್‌ನವರು 16 ವಾಲ್ವ್‌ಗಳ 1596 ಸಿಸಿ ಎಂಜಿನ್ ಕೂರಿಸಿ 100 ಬಿಎಚ್‌ಪಿ ಕೊಟ್ಟರು. ಕುಡಿಯುತ್ತದೆ, ನಿಜ. ಆದರೆ ಮೂರನೇ ಗೇರಿನಲ್ಲಿ ಎಳೆಯುವಾಗ ಯಾರೂ ಪೆಟ್ರೋಲ್ ಲೆಕ್ಕ ಹಾಕುವುದಿಲ್ಲ. ಆ ಎಂಜಿನ್ನಿಗೆ ನಲ್ಲಿ ನೀರು!

ಥರ್ಮೋಸ್ಟಾಟ್ ಇರುವುದು ಚಳಿ ದೇಶದವರಿಗಾಗಿ ಎಂಬುದು ನಮ್ಮ ಗ್ಯಾರೇಜುಗಳಲ್ಲಿ ತಂದೆಯಿಂದ ಮಗನಿಗೆ ಬಂದ ಸುಳ್ಳು. ಹೊರಗಡೆ 20 ಡಿಗ್ರಿ ಇರಲಿ, 40 ಇರಲಿ, ಎಂಜಿನ್ ಒಳಗಿನ ನೀರು 90ರ ಹತ್ತಿರ ನಿಲ್ಲಬೇಕು. ಪಿಸ್ಟನ್‌ಗೂ ಸಿಲಿಂಡರ್‌ಗೂ ನಡುವಿನ ಸಂದು, ಆಯಿಲ್‌ನ ತೆಳುವು ಎಲ್ಲವನ್ನೂ ಲೆಕ್ಕಹಾಕಿರುವುದು ಆ ಬಿಸಿಗೆ. ಅದರ ಕೆಳಗಿದ್ದರೆ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ‘ಎಂಜಿನ್ ಇನ್ನೂ ತಣ್ಣಗಿದೆ’ ಎಂದುಕೊಂಡು ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ನಿಮ್ಮ ಮೂರು ಕಿಲೋಮೀಟರ್ ಮೈಲೇಜ್ ಹೋದದ್ದು ಅಲ್ಲಿಗೆ. ಸುಡದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಕೊಂಡು ಕೆಳಗಿಳಿದು, ಇರುವ ಆಯಿಲನ್ನೂ ತೆಳು ಮಾಡುತ್ತದೆ. ಇನ್ನೊಂದು ವಿಷಯ. ಹಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದುಕೊಳ್ಳುವಾಗಲೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಬಿಸಿ ನೀರಿನಲ್ಲಿ ಒಂದು ಪಾಲು ರೇಡಿಯೇಟರ್ ಕಡೆ ತಲೆಯೂ ಹಾಕದೆ ಎಂಜಿನ್ನಿಗೇ ವಾಪಸ್. ಹೀಟ್ ಕಮ್ಮಿಯಾಗಲಿ ಎಂದು ತೆಗೆದದ್ದೇ ಹೀಟ್‌ಗೆ ಕಾರಣವಾಗುವುದೂ ಉಂಟು.

ಈಗ ಕೆಲಸ. ಫ್ಯಾನ್‌ನಿಂದ ಶುರುಮಾಡಿ. ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ. ಸ್ವಲ್ಪ ಹೊತ್ತಿನಲ್ಲಿ ಫ್ಯಾನ್ ತಿರುಗಬೇಕು. ತಿರುಗಲಿಲ್ಲವೆಂದರೆ ಕೀ ತೆಗೆದು, ಫ್ಯಾನ್ ಕನೆಕ್ಟರ್ ಬಿಚ್ಚಿ, ಫ್ಯೂಸ್ ಇರುವ ವೈರಿನಿಂದ ಬ್ಯಾಟರಿಯ 12 ವೋಲ್ಟ್ ನೇರವಾಗಿ ಕೊಡಿ. ಆಗಲೂ ತಿರುಗದಿದ್ದರೆ, ಇಲ್ಲವೇ ಮದುವೆ ಮನೆಯ ಪೆಡೆಸ್ಟಲ್ ಫ್ಯಾನಿನ ಹಾಗೆ ಸೋಮಾರಿಯಾಗಿ ತಿರುಗಿದರೆ ತಪ್ಪು ಮೋಟಾರಿನದೇ, ಹೆಚ್ಚಾಗಿ ಬ್ರಷ್ ಸವೆದಿರುತ್ತದೆ. ಚೆನ್ನಾಗಿ ತಿರುಗಿದರೆ ಮೋಟಾರ್ ಸರಿಯಿದೆ, ತಪ್ಪು ರಿಲೇ, ಸ್ವಿಚ್, ವೈರಿಂಗ್ ಕಡೆ. ಎರಡು ವೇಗದ ಫ್ಯಾನ್ ಆಗಿದ್ದರೆ ರೆಸಿಸ್ಟರನ್ನು ಮರೆಯಬೇಡಿ. ಅದು ಸುಟ್ಟರೆ ಮೊದಲ ವೇಗ ಇರುವುದಿಲ್ಲ, ಎರಡನೆಯದು ಬರುವಷ್ಟರಲ್ಲಿ ಮುಳ್ಳು ಕೆಂಪು ಮುಟ್ಟಿರುತ್ತದೆ. ನೀವು ಹೇಳುವ ಲಕ್ಷಣಕ್ಕೆ ನನ್ನ ಮೊದಲ ಅನುಮಾನ ಇದೇ. ಬೆರಳು ಜೋಪಾನ. ಬಿಸಿ ಎಂಜಿನ್ನಿನಲ್ಲಿ ಫ್ಯಾನ್ ಹೇಳದೆ ಕೇಳದೆ ಎದ್ದುಬಿಡುತ್ತದೆ.

ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಟಾರ್ಚ್ ಬಿಟ್ಟು ನೋಡಿ. ಇಪ್ಪತ್ತು ವರ್ಷದ ಧೂಳು, ಹುಳ, ಎಲೆಚೂರು ಸೇರಿ ಕಂಬಳಿ ಹೊದಿಸಿದ ಹಾಗೆ ಇರುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ, ತೋಟದ ಪೈಪಿನಲ್ಲಿ ಮೆತ್ತಗೆ ನೀರು ಬಿಡಿ. ವಾಟರ್ ಸರ್ವಿಸ್‌ನವರ ಪ್ರೆಷರ್ ಗನ್ ಬೇಡ, ಫಿನ್ ಮಡಚಿಹೋಗುತ್ತದೆ.

ಆಮೇಲೆ ಹೊಸ ಥರ್ಮೋಸ್ಟಾಟ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಹುಡುಕಿ ಕೊಡುವವರಿದ್ದಾರೆ. ಆದರೆ ಡಬ್ಬಿ ನೋಡಿ ನಂಬಬೇಡಿ, ಕೂರಿಸುವ ಮುಂಚೆ ಬೇಯಿಸಿ ನೋಡಿ. ಹೌಸಿಂಗ್ ಸಮೇತ ಬಂದಿದ್ದರೆ ಹಾಗೆಯೇ ಬೇಯಿಸಬಹುದು. ಒಂದು ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ ತಳಕ್ಕೆ ತಾಗದ ಹಾಗೆ ಇಳಿಬಿಡಿ. ಪಕ್ಕದಲ್ಲೇ 100 ಡಿಗ್ರಿ ದಾಟಿ ತೋರಿಸುವ ಥರ್ಮಾಮೀಟರ್ ಇರಲಿ. ಜ್ವರ ನೋಡುವುದಲ್ಲ ಮತ್ತೆ. ಉರಿ ಸಣ್ಣಗಿರಲಿ. 70ಕ್ಕೆ ಏನೂ ಆಗುವುದಿಲ್ಲ, 80ಕ್ಕೂ ಆಗುವುದಿಲ್ಲ. ಅದರ ಮೈಮೇಲೆ ಅಚ್ಚೊತ್ತಿರುವ ಸಂಖ್ಯೆ ಹತ್ತಿರ ಬಂದಾಗ ಒಳಗಿನ ಮೇಣ ಕರಗಿ ಹಿಗ್ಗಿ, ತಟ್ಟೆಯ ಅಂಚಿನಲ್ಲಿ ಉಗುರಿನಷ್ಟು ತೆಳ್ಳಗೆ ಒಂದು ಕಪ್ಪು ಗೆರೆ ಕಾಣಿಸುತ್ತದೆ. ನೋಡುತ್ತಿದ್ದ ಹಾಗೆ ಅದು ಅಗಲವಾಗುತ್ತದೆ. ಪೂರ್ತಿ ತೆರೆಯಲಿಲ್ಲವೆಂದು ಅಂಗಡಿಯವರ ಜತೆ ಜಗಳಕ್ಕೆ ಹೋಗಬೇಡಿ. ಹಾಸನವೂ ಬೆಂಗಳೂರಿನ ಹಾಗೆ ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ತೆರೆದ ಪಾತ್ರೆಯ ನೀರು 97ರ ಸುಮಾರಿಗೇ ಕುದಿಯುತ್ತದೆ. ಪೂರ್ತಿ ಬಾಯಿ ಬಿಡಲು ಇನ್ನಷ್ಟು ಬಿಸಿ ಬೇಕು. ಉರಿ ಆರಿಸಿದ ಮೇಲೆ ಸದ್ದಿಲ್ಲದೆ ಮುಚ್ಚಿಕೊಳ್ಳಬೇಕು, ಅದು ಮುಖ್ಯ. ನಾನು ಹೀಗೆ ಬೇಯಿಸಿದ ಪಾತ್ರೆಯನ್ನು ಮನೆಯವರು ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ. ಹಳೆಯದೊಂದನ್ನು ಇಟ್ಟುಕೊಳ್ಳಿ.

ಇನ್ನು ನೀರು. ನಿಮ್ಮ ಎಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಎರಡು ಲೋಹದ ನಡುವೆ ಬೋರ್‌ವೆಲ್ ನೀರು ನಿಂತರೆ ಒಂದು ತುಕ್ಕು ಹಿಡಿಯುತ್ತದೆ, ಇನ್ನೊಂದು ಸವೆಯುತ್ತದೆ. ನಿಮ್ಮ ಮನೆಯ ಗೀಸರ್ ಕಾಯಿಲ್ ಮೇಲೆ ಕಟ್ಟುವ ಸುಣ್ಣವೇ ರೇಡಿಯೇಟರ್ ಕೊಳವೆಯಲ್ಲೂ ಕಟ್ಟುತ್ತದೆ. ತುಂಬಿರುವ ನೀರನ್ನೆಲ್ಲ ಇಳಿಸಿ. ಕೆಂಚು ಬಣ್ಣ ಹೋಗುವವರೆಗೆ ತೊಳೆದು, ಕೊನೆಯ ಸಲ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆಯಿರಿ. ಕೂಲಂಟ್ ಎಂದು ಮಾರುವ ಬಣ್ಣದ ನೀರಲ್ಲ, ಗಾಡಿಯ ಪುಸ್ತಕದಲ್ಲಿ ಹೇಳಿರುವ ಜಾತಿಯ ಕೂಲಂಟನ್ನು ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಸೇರಿಸಿ ತುಂಬಿ. ಎರಡು ಜಾತಿ ಬೆರೆಸಬೇಡಿ. ರೆಡಿಮಿಕ್ಸ್ ಡಬ್ಬಿಯಾದರೆ ಮತ್ತೆ ನೀರು ಬೇಡ. ಕೂಲಂಟ್ ಟ್ಯಾಂಕಿನ ಮುಚ್ಚಳವನ್ನೂ ಬದಲಿಸಿ. ಒಳಗೆ ಒತ್ತಡ ಹಿಡಿದಿಟ್ಟು ಕುದಿಯುವ ಬಿಂದುವನ್ನು ಮೇಲೇರಿಸುವುದೇ ಅದರ ಕೆಲಸ. ಹಳೆಯ ಮುಚ್ಚಳದ ರಬ್ಬರ್ ಆ ಕೆಲಸ ಬಿಟ್ಟು ಎಷ್ಟು ಕಾಲವಾಯಿತೋ.

ತುಂಬುವಾಗ ಹೀಟರ್ ಪೂರ್ತಿ ಬಿಸಿ ಕಡೆ ಇರಲಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆ ನಿಂತು ನೀರೇ ಬರುವಾಗ ಬಿಗಿ ಮಾಡಿ. ಒಳಗೆ ಗಾಳಿ ಉಳಿದರೆ ಹೊಸ ಸಾಮಾನು ಹಾಕಿಯೂ ಹೀಟ್ ಆಗುತ್ತದೆ. ಆಗ ಮತ್ತೆ ಥರ್ಮೋಸ್ಟಾಟನ್ನೇ ಬೈಯುತ್ತಾರೆ. ಎಂಜಿನ್ ಬಿಸಿಯಿರುವಾಗ ಮುಚ್ಚಳ ಮುಟ್ಟಬೇಡಿ. ಬಟ್ಟೆ ಹಿಡಿದು ತೆಗೆದರೆ ಪರವಾಗಿಲ್ಲ ಎಂದುಕೊಂಡಿದ್ದವನ ಎಡ ಮುಂಗೈ ಈಗಲೂ ಎರಡು ಬಣ್ಣದಲ್ಲಿದೆ. ಅವನು ನಾನೇ.

ಇಷ್ಟಾದ ಮೇಲೆ ಶಿರಾಡಿ ಘಾಟಿಗೆ ಹೋಗಿ ಕೆಳಗಿನಿಂದ ಮೇಲಕ್ಕೆ ಹತ್ತಿಸಿ, ಕಣ್ಣು ಮುಳ್ಳಿನ ಮೇಲಿರಲಿ. ಮಧ್ಯದಲ್ಲಿ ನಿಂತರೆ ಮುಗಿಯಿತು. ಏರಿನಲ್ಲಿ, ಗಾಳಿ ಇದ್ದೂ, ಮೇಲೇರಿದರೆ ಆಗ ರೇಡಿಯೇಟರ್ ಒಳಗೆ ಕಟ್ಟಿದೆಯೇ, ಹೆಡ್‌ಗೂ ಬ್ಲಾಕ್‌ಗೂ ನಡುವಿನ ಗ್ಯಾಸ್ಕೆಟ್ ಹೋಗಿದೆಯೇ ಎಂದು ನೋಡಬೇಕು. ಗ್ಯಾಸ್ಕೆಟ್‌ಗೂ ಪರೀಕ್ಷೆ ಇದೆ. ಕೂಲಂಟ್ ಟ್ಯಾಂಕಿನ ಬಾಯಿಗೆ ನೀಲಿ ದ್ರವದ ಕೊಳವೆ ಹಿಡಿದಾಗ ದ್ರವ ಹಳದಿಗೆ ತಿರುಗಿದರೆ ಹೊಗೆ ನೀರಿಗೆ ಸೇರುತ್ತಿದೆ ಎಂದರ್ಥ. ಆ ಪರೀಕ್ಷೆ ಮಾಡದೆ ‘ಹೆಡ್ ಬಿಚ್ಚೋಣ’ ಎನ್ನುವವರಿಗೆ ಕೀ ಕೊಡಬೇಡಿ.

ಪ್ರಶ್ನೆ: ಪಾಲಿಯೊ 1.6 ನನ್ನ ಬಳಿಯೂ ಇದೆ. ಟೈಮಿಂಗ್ ಬೆಲ್ಟ್ ಹಾಕಿ ಒಂಬತ್ತು ವರ್ಷ, ಓಡಿದ್ದು 18 ಸಾವಿರ ಕಿ.ಮೀ. ಮಾತ್ರ. ಇನ್ನೂ ಬಾಳುತ್ತದೆಯೇ? — ದಾವಣಗೆರೆ

ಉತ್ತರ: ರಬ್ಬರಿಗೆ ಓಡೋಮೀಟರ್ ಓದಲು ಬರುವುದಿಲ್ಲ. ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವ್‌ಗಳಿಗೆ ಗುದ್ದುತ್ತದೆ, 16 ವಾಲ್ವ್‌ಗಳ ಲೆಕ್ಕ ಅದೇ ಹೇಳುತ್ತದೆ. ಟೆನ್ಷನರ್ ಸಮೇತ ಬದಲಿಸಿ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ.

ಪ್ರಶ್ನೆ: ಎಂಜಿನ್ ಒಳಗಿನ ಮಸಿ ತೆಗೆಯುವ ಡೀಕಾರ್ಬನೈಸಿಂಗ್ ಮಾಡಿಸಿದರೆ ಹಳೆಯ ಪಿಕಪ್ ಬರುತ್ತದೆ ಎಂದು ಅಪಾರ್ಟ್‌ಮೆಂಟಿಗೇ ಬಂದು ಮಾಡಿಕೊಡುತ್ತಾರಂತೆ. — ಬೆಂಗಳೂರು

ಉತ್ತರ: ಅವರ ಪಿಕಪ್ ಚೆನ್ನಾಗಿರುತ್ತದೆ, ದುಡ್ಡು ತೆಗೆದುಕೊಂಡು ಹೊರಡುವಾಗ. ಮೊದಲು ಕಂಪ್ರೆಷನ್ ಅಳೆಸಿ.

ಪ್ರಶ್ನೆ: 2006ರ ಸ್ವಿಫ್ಟ್‌ಗೆ ಈಗ ಬಂಕಿನಲ್ಲಿ ಸಿಗುವ, ಶೇ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಹಾಕಬಹುದೇ? ಬಾಟಲಿಯಲ್ಲಿ ಸಿಗುವ ಅಡಿಟಿವ್ ಸೇರಿಸಲೇ? — ಹುಬ್ಬಳ್ಳಿ

ಉತ್ತರ: ಬೇರೆ ದಾರಿ ಎಲ್ಲಿದೆ ಸ್ವಾಮಿ? ಇ20ಗೆ ಒಗ್ಗುವ ರಬ್ಬರ್, ಲೋಹ ಹಾಕಿಯೇ ಗಾಡಿ ಮಾಡಬೇಕೆಂಬ ನಿಯಮ ಬಂದದ್ದು 2023ರ ಏಪ್ರಿಲ್‌ನಲ್ಲಿ. ನಿಮ್ಮದು ಅದಕ್ಕೂ 17 ವರ್ಷ ಹಳೆಯದು. ಹಾಗಾಗಿ ಟ್ಯಾಂಕಿನಿಂದ ಎಂಜಿನ್‌ವರೆಗಿನ ರಬ್ಬರ್ ಹೋಸ್‌ಗಳನ್ನೆಲ್ಲ ಎಥೆನಾಲ್ ತಡೆಯುವ ಹೋಸ್‌ಗೆ ಬದಲಿಸಿ, ಹೊಸ ಕ್ಲಿಪ್ ಹಾಕಿ. ಎಥೆನಾಲ್ ಹಳೆಯ ಟ್ಯಾಂಕಿನ ಕೊಳೆಯನ್ನು ಎಬ್ಬಿಸುತ್ತದೆ, ಫ್ಯುಯೆಲ್ ಫಿಲ್ಟರ್ ಮೇಲೆ ಕಣ್ಣಿರಲಿ. ಅದು ಗಾಳಿಯ ತೇವವನ್ನೂ ಹೀರುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ಪೆಟ್ರೋಲ್ ತುಂಬಿಸಿ ನಿಲ್ಲಿಸಬೇಡಿ. ಮೈಲೇಜ್ ಸ್ವಲ್ಪ ಇಳಿಯುತ್ತದೆ. ಎಥೆನಾಲ್‌ನಲ್ಲಿ ಶಕ್ತಿಯೇ ಪೆಟ್ರೋಲ್‌ಗಿಂತ ಮೂರನೇ ಒಂದು ಪಾಲು ಕಡಿಮೆ. ಬಾಟಲಿ ಔಷಧಿ ರಬ್ಬರಿನ ವಯಸ್ಸು ಇಳಿಸುವುದಿಲ್ಲ. ಗಾಡಿಯೊಳಗೆ ಪೆಟ್ರೋಲ್ ವಾಸನೆ ಬಂದರೆ ಆ ದಿನವೇ ನಿಲ್ಲಿಸಿ, ‘ಭಾನುವಾರ ನೋಡೋಣ’ ಬೇಡ.

ಪ್ರಶ್ನೆ: 15 ವರ್ಷ ದಾಟಿದ ಪೆಟ್ರೋಲ್ ಕಾರನ್ನು ಗುಜರಿಗೆ ಹಾಕಲೇಬೇಕಂತೆ? — ಶಿವಮೊಗ್ಗ

ಉತ್ತರ: ಅದು ದೆಹಲಿ ಸುತ್ತಮುತ್ತಲಿನವರ ತಲೆನೋವು. ಇಲ್ಲಿ ಆರ್‌ಟಿಒಗೆ ಹೋಗಿ, ತಪಾಸಣೆ ಮಾಡಿಸಿ, ಐದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಳ್ಳಿ.

ಪ್ರಶ್ನೆ: ಝೆನ್‌ಗೆ ಸೈಲೆನ್ಸರ್ ತೆಗೆದು ದೊಡ್ಡ ಪೈಪ್ ಹಾಕಿದರೆ ಪವರ್ ಎಷ್ಟು ಹೆಚ್ಚುತ್ತದೆ? — ಮೈಸೂರು

ಉತ್ತರ: ದಂಡ ಹೆಚ್ಚುತ್ತದೆ.

ಪ್ರಶ್ನೆ: ಟೈರಿನ ಗೀರು ಇನ್ನೂ ಆಳವಾಗಿದೆ, ಆದರೂ ಬದಲಿಸು ಎನ್ನುತ್ತಾರೆ. — ತುಮಕೂರು

ಉತ್ತರ: ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇದೆ. ಮೊದಲೆರಡು ಟೈರ್ ತಯಾರಾದ ವಾರ, ಕೊನೆಯೆರಡು ವರ್ಷ. ಓದಿ, ನೀವೇ ಹೆದರುತ್ತೀರಿ.

ಪ್ರಶ್ನೆ: ಮನೆಯಲ್ಲಿ ಒಳ್ಳೆಯ ಹೈಡ್ರಾಲಿಕ್ ಜ್ಯಾಕ್ ಇದೆ. ಸಸ್ಪೆನ್ಷನ್ ಬುಷ್ ಬದಲಿಸಲು ಸ್ಟ್ಯಾಂಡ್ ಬೇರೆ ಕೊಳ್ಳಬೇಕೇ? — ಉಡುಪಿ

ಉತ್ತರ: ಜ್ಯಾಕ್ ಇರುವುದು ಎತ್ತಲು, ಹಿಡಿದು ನಿಲ್ಲಲು ಅಲ್ಲ. ಒಳಗಿನ ಒಂದು ರಬ್ಬರ್ ಸೀಲ್ ಸೋರಿದರೆ ಒಂದು ಟನ್ ಕಬ್ಬಿಣ ಎದೆಯ ಮೇಲೆ ಇಳಿಯುತ್ತದೆ. ಇಟ್ಟಿಗೆ, ಹಾಲೋ ಬ್ಲಾಕ್ ಜೋಡಿಸುತ್ತೇನೆ ಎನ್ನಬೇಡಿ, ಪುಡಿಯಾಗುವಾಗ ಅವು ಸೂಚನೆ ಕೊಡುವುದಿಲ್ಲ. ಎರಡು ಸ್ಟ್ಯಾಂಡ್ ಕೊಳ್ಳಿ. ಕೊಂಡ ಮೇಲೆ ಬುಷ್ ಬಗ್ಗೆ ಬರೆಯಿರಿ, ಉತ್ತರಿಸುತ್ತೇನೆ.